ಸಫಾರಿಗೆ ಹೊರಡುವ ಮುಂಚೆ: ಜಾಗ ಕಡಿಮೆ ಇರಲಿ, ದಿನ ಜಾಸ್ತಿ ಇರಲಿ

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಕಬಿನಿಗೋ ಬಂಡೀಪುರಕ್ಕೋ ಹೋಗಿ ಬಂದವರು. ನಮ್ಮಲ್ಲಿ ಸಫಾರಿ ಅಂದರೆ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಗೊತ್ತಾದ ಹೊತ್ತು, ಗೊತ್ತಾದ ದಾರಿ. ಹುಲಿ ಕಂಡರೆ ಪುಣ್ಯ, ಇಲ್ಲದಿದ್ದರೆ ಆನೆ, ಜಿಂಕೆ ನೋಡಿಕೊಂಡು ವಾಪಸ್. ಅದೇ ಲೆಕ್ಕದಲ್ಲಿ ಆಫ್ರಿಕಾ ಪ್ರವಾಸವನ್ನೂ ಯೋಚಿಸುತ್ತೇವೆ. ಒಂದು ಜಾಗದಲ್ಲಿ ಎರಡು ಸುತ್ತು ಹಾಕಿದರೆ ಆಯ್ತು, ಮುಂದಿನ ಜಾಗಕ್ಕೆ ಹೋಗೋಣ ಅನ್ನಿಸುತ್ತದೆ. ಯಾರಾದರೂ ಏಳು ದಿನಕ್ಕೆ ಐದು ಕಾಡು ತೋರಿಸುತ್ತೇವೆ ಅಂದರೆ ಖುಷಿಯಾಗಿಬಿಡುತ್ತದೆ. ಅಷ್ಟು ದುಡ್ಡು ಹಾಕಿ ಹೋಗ್ತೀವಿ, ಎಲ್ಲಾ ನೋಡ್ಕೊಂಡು ಬಂದುಬಿಡೋಣ ಅಂತ.

ಇವತ್ತು ನಾನು ಮುಖ್ಯವಾಗಿ ಕೇಳಿಕೊಳ್ಳುವುದು ಹಾಗೆ ಮಾಡಬೇಡಿ ಅಂತ. ಬ್ಯಾಗಿಗೆ ಏನು ಹಾಕಬೇಕು, ಯಾವ ಚುಚ್ಚುಮದ್ದು ಬೇಕು ಎಲ್ಲ ಹೇಳುತ್ತೇನೆ. ಆದರೆ ಪ್ರವಾಸ ಚೆನ್ನಾಗಿ ಆಯಿತೋ ಇಲ್ಲವೋ ಅನ್ನುವುದು ತೀರ್ಮಾನ ಆಗುವುದು ನೀವು ಪ್ರಾಣಿಗಳ ನಡುವೆ ಎಷ್ಟು ಹೊತ್ತು ಕಳೆದಿರಿ ಅನ್ನುವುದರ ಮೇಲೆ. ಉಳಿದ ತಯಾರಿಯೆಲ್ಲ ಆ ಹೊತ್ತನ್ನು ಉಳಿಸಿಕೊಳ್ಳುವುದಕ್ಕೆ.

ಆಫ್ರಿಕಾ ಅಂದರೆ ಐವತ್ತಕ್ಕೂ ಹೆಚ್ಚು ದೇಶ. ನಾನು ಮಾತಾಡುವುದು ಕೆನ್ಯಾ ಮತ್ತು ತಾಂಜಾನಿಯಾದ ಬಗ್ಗೆ ಮಾತ್ರ. ಮೊದಲ ಸಲ ಹೋಗುವ ನಮ್ಮವರು ಹೆಚ್ಚಾಗಿ ಆರಿಸಿಕೊಳ್ಳುವುದು ಇವೆರಡನ್ನೇ. ಮುಂಬೈಯಿಂದ ನೈರೋಬಿಗೆ ನೇರ ವಿಮಾನ ಇದೆ, ಸುಮಾರು ಆರು ಗಂಟೆ ಪ್ರಯಾಣ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಹಾಗಾಗಿ ಇಲ್ಲಿ ಬೆಳಿಗ್ಗೆ ಎಂಟಕ್ಕೆ ಏಳುವವರಿಗೂ ಅಲ್ಲಿ ಐದೂವರೆಗೆ ತಾನಾಗೇ ಎಚ್ಚರ ಆಗುತ್ತದೆ. ಸಫಾರಿಗೆ ಇದು ಒಳ್ಳೆಯದೇ.

ಮೊದಲು ಕಾಲದ ವಿಷಯ. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ದೊಡ್ಡ ಮಳೆ, ನವೆಂಬರ್ ಡಿಸೆಂಬರ್‌ನಲ್ಲಿ ಸಣ್ಣ ಮಳೆ. ಜೂನ್‌ನಿಂದ ಅಕ್ಟೋಬರ್ ಒಣಗಾಲ. ಹುಲ್ಲು ಗಿಡ್ಡ ಇರುತ್ತದೆ, ನೀರಿರುವ ಕಡೆ ಪ್ರಾಣಿಗಳು ಸೇರುತ್ತವೆ, ನೋಡುವುದು ಸುಲಭ. ಏಪ್ರಿಲ್, ಮೇನಲ್ಲಿ ಕೋಣೆಗಳ ಬೆಲೆ ಇಳಿಯುತ್ತದೆ, ಜನ ಕಡಿಮೆ, ಬಯಲೆಲ್ಲ ಹಸಿರು. ಆದರೆ ಕೆನ್ಯಾದ ಮಸಾಯಿ ಮಾರಾ ವನಧಾಮದ ಬಹಳಷ್ಟು ನೆಲ ಎರೆಮಣ್ಣು. ಗದಗ, ಧಾರವಾಡ ಕಡೆಯವರು ಇಲ್ಲಿದ್ದರೆ ಅವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಿದ್ದ ಮೇಲೆ ಎಂಥಾ ಜೀಪೂ ಹೂತುಕೊಳ್ಳುತ್ತದೆ.

ವಿಲ್ಡಬೀಸ್ಟ್ ಅನ್ನುವ, ದನದ ಹಾಗೆ ಕಾಣುವ ಪ್ರಾಣಿಗಳ ವಲಸೆ ನೋಡಬೇಕು ಅಂತ ಎಲ್ಲರಿಗೂ ಆಸೆ. ಹತ್ತು ಲಕ್ಷಕ್ಕೂ ಮೀರಿದ ಹಿಂಡು ಅದು, ವರ್ಷವಿಡೀ ತಾಂಜಾನಿಯಾದ ಸೆರೆಂಗೆಟಿ ಮತ್ತು ಮಾರಾ ನಡುವೆ ಮೇವು ಹುಡುಕಿಕೊಂಡು ಸುತ್ತುತ್ತಲೇ ಇರುತ್ತದೆ. ಜನವರಿ ಕೊನೆ, ಫೆಬ್ರವರಿಯಲ್ಲಿ ಹಿಂಡು ದಕ್ಷಿಣದ ಎಂಡುಟು ಬಯಲಿನಲ್ಲಿ. ಅಲ್ಲಿ ಕೆಲವೇ ವಾರಗಳ ಒಳಗೆ ಲಕ್ಷಗಟ್ಟಲೆ ಕರು ಹುಟ್ಟುತ್ತವೆ. ಹುಟ್ಟಿದ ಕೆಲವು ನಿಮಿಷಕ್ಕೇ ಕರು ಎದ್ದು ನಿಲ್ಲುತ್ತದೆ. ನಿಲ್ಲದೆ ಗತಿ ಇಲ್ಲ, ಕತ್ತೆಕಿರುಬ ಕಾಯುತ್ತಿರುತ್ತದೆ. ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಹಿಂಡು ಉತ್ತರಕ್ಕೆ ಬಂದು ಮಾರಾ ನದಿಯನ್ನು ಆಚೆ ಈಚೆ ದಾಟುತ್ತಿರುತ್ತದೆ. ಎಲ್ಲರೂ ಕೇಳುವುದು ಈ ನದಿ ದಾಟುವುದನ್ನೇ. ನನ್ನನ್ನು ಕೇಳಿದರೆ ಫೆಬ್ರವರಿಯ ಎಂಡುಟು ಅದಕ್ಕೇನೂ ಕಡಿಮೆ ಇಲ್ಲ. ಜನಸಂದಣಿಯೂ ಅಷ್ಟಿರುವುದಿಲ್ಲ.

ನದಿ ದಾಟುವುದಕ್ಕೆ ದಿನಾಂಕ ಇಲ್ಲ. ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿ. ಹಿಂಡು ದಡಕ್ಕೆ ಬರುತ್ತದೆ, ಧೂಳು ಏಳುತ್ತದೆ, ಮುಂದಿನ ಹತ್ತಿಪ್ಪತ್ತು ಪ್ರಾಣಿ ಇಳಿಜಾರಿನವರೆಗೆ ಬಂದು ನೀರು ಮೂಸಿ ನಿಲ್ಲುತ್ತವೆ. ಹಿಂದಿನವು ಒತ್ತುತ್ತಿರುತ್ತವೆ. ಇನ್ನೇನು ಹಾರಿಯೇ ಬಿಟ್ಟವು ಅನ್ನುವಾಗ ಒಂದು ಜೀಬ್ರಾ ಬೆಚ್ಚಿ ತಿರುಗುತ್ತದೆ, ಅಷ್ಟೇ, ಇಡೀ ಹಿಂಡು ಹಿಂದಕ್ಕೆ ಓಡುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಬರುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಹೀಗೇ ಆಗಿ, ಕೊನೆಗೆ ದಾಟದೆ ಹೋಗುವುದೂ ಉಂಟು. ಒಂದೇ ದಿನ ಇಟ್ಟುಕೊಂಡು ಬಂದವರು ಗಡಿಯಾರ ನೋಡಿಕೊಂಡು ಚಡಪಡಿಸುತ್ತಾರೆ. ನಾಲ್ಕು ದಿನ ಇರುವವರು ಗಾಡಿಯಲ್ಲಿ ಕೂತು ಚಹಾ ಕುಡಿಯುತ್ತಾರೆ.

ಈಗ ಏಳು ದಿನಕ್ಕೆ ಐದು ಜಾಗದ ಪಟ್ಟಿಗೆ ಬರೋಣ. ಸಾಮಾನ್ಯವಾಗಿ ಹೀಗಿರುತ್ತದೆ: ನೈರೋಬಿ, ಅಲ್ಲಿಂದ ಅಂಬೋಸೆಲಿ, ಅಲ್ಲಿಂದ ನೈವಾಶಾ, ನಕುರು, ಕೊನೆಗೆ ಮಾರಾ. ಭೂಪಟದಲ್ಲಿ ಬೆರಳಿಟ್ಟು ನೋಡಿ. ಅಂಬೋಸೆಲಿ ತಾಂಜಾನಿಯಾ ಗಡಿಯ ಪಕ್ಕ, ಕಿಲಿಮಂಜಾರೋ ಬುಡದಲ್ಲಿ. ನಕುರು ನೈರೋಬಿಯ ಆಚೆ, ವಾಯವ್ಯಕ್ಕೆ. ಮಾರಾ ಇನ್ನೊಂದು ದಿಕ್ಕು. ನೈರೋಬಿಯಿಂದ ಮಾರಾಕ್ಕೆ ಐದಾರು ಗಂಟೆ ರಸ್ತೆ. ಅಂಬೋಸೆಲಿಯಿಂದ ನಕುರುವಿಗೆ ಹೆಚ್ಚುಕಡಿಮೆ ಇಡೀ ದಿನ. ಸಮಭಾಜಕ ವೃತ್ತದ ಹತ್ತಿರ ಇರುವುದರಿಂದ ಅಲ್ಲಿ ವರ್ಷವಿಡೀ ಬೆಳಿಗ್ಗೆ ಆರೂವರೆ ಸುಮಾರಿಗೆ ಸೂರ್ಯ ಹುಟ್ಟಿ ಸಂಜೆ ಆರೂವರೆ ಸುಮಾರಿಗೆ ಮುಳುಗುತ್ತಾನೆ. ಪ್ರಾಣಿಗಳು ಚುರುಕಾಗಿರುವುದು ಬೆಳಿಗ್ಗೆ ಹತ್ತರವರೆಗೆ, ಮತ್ತೆ ಸಂಜೆ ನಾಲ್ಕರ ಮೇಲೆ. ದಿನ ಬಿಟ್ಟು ದಿನ ಊರು ಬದಲಾಯಿಸಿದರೆ ಆ ಬೆಳಗಿನ ಹೊತ್ತು ಪೂರ್ತಿ ಲಾರಿಗಳ ಹಿಂದೆ ಕಳೆದುಹೋಗುತ್ತದೆ.

ನನ್ನ ಸಲಹೆ ಕೇಳಿದರೆ, ಕೆನ್ಯಾಕ್ಕೆ ಏಳು ದಿನ ಇದ್ದರೆ ಮಾರಾದಲ್ಲಿ ನಾಲ್ಕು ರಾತ್ರಿ, ಅಂಬೋಸೆಲಿಯಲ್ಲಿ ಎರಡು. ಬೇರೇನೂ ಬೇಡ. ತಾಂಜಾನಿಯಾ ಆದರೆ ಸೆರೆಂಗೆಟಿಯಲ್ಲಿ ಮೂರೋ ನಾಲ್ಕೋ ರಾತ್ರಿ, ಎಂಗೊರೊಂಗೊರೊ ಅನ್ನುವ ಹಳೆ ಜ್ವಾಲಾಮುಖಿಯ ಬೋಗುಣಿಯ ಹತ್ತಿರ ಒಂದು, ತರಂಗಿರೆ ಕಾಡಿನಲ್ಲಿ ಒಂದು. ಸೆರೆಂಗೆಟಿ ಎಷ್ಟು ದೊಡ್ಡದು ಗೊತ್ತಾ? 14,763 ಚದರ ಕಿಲೋಮೀಟರ್. ಅಲ್ಲಿಯ ಸಫಾರಿಗಳು ಹೊರಡುವ ಅರುಷಾ ಊರಿನಿಂದ ಅದರ ನಡುಭಾಗದ ಸೆರೊನೆರಾ ತಲುಪುವುದಕ್ಕೇ ಒಂದು ದಿನ ಬೇಕು. ಅಷ್ಟು ದೂರ ಹೋಗಿ ಒಂದು ರಾತ್ರಿ ಮಲಗಿ ವಾಪಸ್ ಬರುವುದು ನನಗಂತೂ ಒಪ್ಪಿಗೆ ಇಲ್ಲ.

ಎರಡೂ ದೇಶ ಸೇರಿಸಿ ನೋಡುತ್ತೇವೆ ಅನ್ನುವವರಿಗೆ ಒಂದು ಮಾತು. ಮಾರಾ ಮತ್ತು ಸೆರೆಂಗೆಟಿ ಅಕ್ಕಪಕ್ಕ, ನಡುವೆ ಬೇಲಿ ಕೂಡ ಇಲ್ಲ. ವಿಲ್ಡಬೀಸ್ಟ್ ಸುಮ್ನೆ ದಾಟಿ ಹೋಗುತ್ತದೆ. ಪ್ರವಾಸಿಗರು ಹಾಗೆ ದಾಟುವಂತಿಲ್ಲ. ಪಶ್ಚಿಮದ ಇಸೆಬಾನಿಯಾ ಗಡಿಗೋ ಪೂರ್ವದ ನಮಾಂಗಾ ಗಡಿಗೋ ಸುತ್ತಿ ಬರಬೇಕು, ಗಡಿಯಲ್ಲಿ ಗಾಡಿ ಬದಲಾಯಿಸಬೇಕು. ಒಂದು ದಿನ ಅದಕ್ಕೇ ಹೋಗುತ್ತದೆ. ಅನುಮತಿ ಕಾಗದವೂ ಬೇರೆ ಬೇರೆ. ಕೆನ್ಯಾ 2024ರ ಜನವರಿಯಿಂದ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಕೊಡುತ್ತಿದೆ. ತಾಂಜಾನಿಯಾಕ್ಕೆ ವೀಸಾ ಬೇಕೇ ಬೇಕು. ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಅಂತ ಒಂದಿದೆಯಲ್ಲ, ಅದರಲ್ಲಿ ಬರುವುದು ಕೆನ್ಯಾ, ಉಗಾಂಡಾ, ರುವಾಂಡಾ ಮಾತ್ರ. ಹೆಸರು ನೋಡಿ ತಾಂಜಾನಿಯಾವೂ ಸೇರಿದೆ ಅಂದುಕೊಳ್ಳಬೇಡಿ.

ದುಡ್ಡಿನ ವಿಷಯದಲ್ಲಿ ಜನ ಹೋಟೆಲ್ ಬೆಲೆ ಹೋಲಿಸುತ್ತಾರೆ, ಪ್ರವೇಶ ಶುಲ್ಕ ಮರೆಯುತ್ತಾರೆ. ಮಾರಾದಲ್ಲಿ 2024ರಿಂದ ವಿದೇಶಿ ವಯಸ್ಕರಿಗೆ ವರ್ಷದ ಮೊದಲ ಆರು ತಿಂಗಳು ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಟಿಕೆಟ್ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ. ವನಧಾಮದ ಒಳಗೇ ಉಳಿದುಕೊಂಡವರು ಹೊರಡುವ ದಿನ ಬೆಳಿಗ್ಗೆ ಹತ್ತರೊಳಗೆ ಗೇಟು ದಾಟಬೇಕು, ತಡವಾದರೆ ಆ ದಿನದ್ದೂ ಕಟ್ಟಬೇಕು. ತಾಂಜಾನಿಯಾದಲ್ಲಿ ಸೆರೆಂಗೆಟಿ ಟಿಕೆಟ್ 24 ಗಂಟೆಯದು. ಅರುಷಾ ಕಡೆಯಿಂದ ಎಂಗೊರೊಂಗೊರೊ ಮೇಲೆ ಹಾದು ಹೋಗುವುದಕ್ಕೂ ಶುಲ್ಕ ಇದೆ, ಕೆಳಗೆ ಬೋಗುಣಿಗೆ ಇಳಿದರೆ ಜೀಪಿಗೆ ಬೇರೆ. ಬುಕ್ ಮಾಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: ನೀವು ಹೇಳಿದ ಮೊತ್ತದಲ್ಲಿ ಎಲ್ಲ ಪ್ರವೇಶ ಶುಲ್ಕವೂ ಸೇರಿದೆಯಾ? ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಇನ್ನು ಎರಡು ಪ್ರಶ್ನೆ ಇದಕ್ಕಿಂತ ಮುಖ್ಯ. ಗಾಡಿ ಯಾವುದು, ಜೊತೆಗೆ ಬರುವವರು ಯಾರು?

ಗಾಡಿ ಲ್ಯಾಂಡ್ ಕ್ರೂಸರ್ ಆಗಿರಲಿ, ಮೇಲ್ಛಾವಣಿ ಎತ್ತುವಂಥದ್ದಾಗಿರಲಿ. ಮಿನಿ ವ್ಯಾನ್ ಅಗ್ಗ, ಆದರೆ ಕೆಸರಿದ್ದರೆ ಅದು ಅರ್ಧ ದಾರಿಯಿಂದ ವಾಪಸ್ ಬರಬೇಕು. ಪ್ರತಿಯೊಬ್ಬರಿಗೂ ಕಿಟಕಿ ಪಕ್ಕ ಸೀಟು ಬೇಕು. ಆರು ಜನಕ್ಕಿಂತ ಜಾಸ್ತಿ ಬೇಡ. ಆಮೇಲೆ, ಅಪರಿಚಿತರ ಜೊತೆ ಗಾಡಿ ಹಂಚಿಕೊಂಡರೆ ಖರ್ಚು ಉಳಿಯುತ್ತದೆ ನಿಜ. ಆದರೆ ನಿಮಗೆ ಸಿಂಹದ ಹತ್ತಿರ ಇನ್ನೊಂದು ಗಂಟೆ ಕೂರಬೇಕು ಅನ್ನಿಸಿದಾಗ ಪಕ್ಕದವರಿಗೆ ಊಟಕ್ಕೆ ಹೋಗಬೇಕು ಅನ್ನಿಸುತ್ತದೆ. ಹೋಟೆಲ್‌ನಲ್ಲಿ ಒಂದು ದರ್ಜೆ ಕೆಳಗಿಳಿದರೂ ಪರವಾಗಿಲ್ಲ, ಗಾಡಿ ಮಾತ್ರ ನಿಮ್ಮದೇ ಇರಲಿ. ನೆಂಟರೋ ಸ್ನೇಹಿತರೋ ಸೇರಿ ನಾಲ್ಕೈದು ಜನ ಹೋದರೆ ಈ ಖರ್ಚು ತಾನಾಗೇ ಹಂಚಿಹೋಗುತ್ತದೆ. ದಿನವಿಡೀ ಹೊರಗಿರಬಹುದಾ, ಇಲ್ಲಾ ಎರಡು ಹೊತ್ತಿನ ಸುತ್ತು ಮಾತ್ರನಾ ಅಂತಲೂ ಮೊದಲೇ ಕೇಳಿಬಿಡಿ.

ಗೈಡ್ ವಿಷಯ. ಕೆನ್ಯಾದಲ್ಲಿ ವೃತ್ತಿಪರ ಸಫಾರಿ ಗೈಡ್‌ಗಳ ಸಂಘ ಒಂದಿದೆ. ಪರೀಕ್ಷೆ ಮಾಡಿ ಕಂಚು, ಬೆಳ್ಳಿ, ಚಿನ್ನ ಅಂತ ಮೂರು ದರ್ಜೆ ಕೊಡುತ್ತಾರೆ. ಬೆಳ್ಳಿ ದರ್ಜೆಯವರು ಸಿಗುತ್ತಾರಾ ಅಂತ ಕೇಳಿ ನೋಡಿ. ನಮ್ಮ ಕಾಡಿನಲ್ಲಿ ನಾವು ಕಿವಿಯಿಂದ ಹುಡುಕುತ್ತೇವೆ, ಅಲ್ವಾ? ಮುಸುವ ಕೂಗಿತು, ಜಿಂಕೆ ಕೂಗಿತು, ಹುಲಿ ಇಲ್ಲೇ ಎಲ್ಲೋ ಇದೆ ಅಂತ. ಅಲ್ಲಿಯ ಬಯಲಿನಲ್ಲಿ ಕೆಲಸ ಹೆಚ್ಚಾಗಿ ಕಣ್ಣಿನದು. ಮೂರು ಜಿರಾಫೆ ಮೇಯುವುದು ಬಿಟ್ಟು ಒಂದೇ ಕಡೆ ನೋಡುತ್ತಾ ನಿಂತಿದ್ದರೆ ಆ ಪೊದೆಯಲ್ಲಿ ಏನೋ ಇದೆ. ರಣಹದ್ದುಗಳು ಆಕಾಶದಲ್ಲಿ ಸುತ್ತುತ್ತಿದ್ದರೆ ಇನ್ನೂ ಹುಡುಕುತ್ತಿವೆ. ಒಂದರ ಹಿಂದೆ ಒಂದು ಕಾಲು ಇಳಿಬಿಟ್ಟು ಕೆಳಗೆ ಬರುತ್ತಿದ್ದರೆ ಅಲ್ಲಿ ಸತ್ತ ಪ್ರಾಣಿ ಇದೆ. ಇಳಿಯದೆ ಮರದ ಮೇಲೆ ಸಾಲಾಗಿ ಕೂತಿದ್ದರೆ ಬೇಟೆಯ ಮೇಲೆ ಸಿಂಹ ಇನ್ನೂ ಇರಬಹುದು. ಒಳ್ಳೆಯ ಗೈಡ್ ಇದನ್ನೆಲ್ಲ ನೋಡುತ್ತಾ ಗಾಡಿ ಓಡಿಸುತ್ತಾರೆ. ಉಳಿದವರು ರೇಡಿಯೋದಲ್ಲಿ ಯಾರು ಏನು ಕಂಡರು ಅಂತ ಕೇಳಿಸಿಕೊಂಡು ಅಲ್ಲಿಗೆ ಓಡುತ್ತಾರೆ. ಮೊದಲ ದಿನವೇ ಗೈಡ್‌ಗೆ ಹೇಳಿ, ನಮಗೆ ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಖಡ್ಗಮೃಗ ಅನ್ನುವ ಐದು ದೊಡ್ಡ ಪ್ರಾಣಿಗಳ ಪಟ್ಟಿ ಮುಗಿಸುವ ಆತುರ ಇಲ್ಲ, ಸಿಕ್ಕಿದ ಕಡೆ ನಿಲ್ಲೋಣ ಅಂತ. ಅವರ ಮುಖ ಅರಳುವುದನ್ನು ನೀವೇ ನೋಡುತ್ತೀರಿ.

ನಿಲ್ಲುವುದು ಅಂದರೆ ಏನು ಅಂತ ಒಂದು ಉದಾಹರಣೆ ಕೊಡುತ್ತೇನೆ. ಸಿಂಹ ದಿನಕ್ಕೆ ಹದಿನೆಂಟು, ಇಪ್ಪತ್ತು ಗಂಟೆ ಮಲಗುವ ಪ್ರಾಣಿ. ಬೆಳಿಗ್ಗೆ ಹನ್ನೊಂದಕ್ಕೆ ಮರದ ನೆರಳಲ್ಲಿ ಒಂಬತ್ತು ಸಿಂಹ ಬಿದ್ದುಕೊಂಡಿರುತ್ತವೆ. ಗಾಡಿಗಳು ಬರುತ್ತವೆ, ಫೋಟೋ ತೆಗೆದು ಐದು ನಿಮಿಷಕ್ಕೆ ಹೋಗುತ್ತವೆ. ಸಂಜೆ ನಾಲ್ಕೂವರೆಗೆ ಅದೇ ಮರದ ಹತ್ತಿರ ಬಂದು ನಿಲ್ಲಿ. ಮೊದಲು ಒಂದು ಮರಿ ಎದ್ದು ಅಮ್ಮನ ಬಾಲ ಕಚ್ಚುತ್ತದೆ. ಒಂದು ಹೆಣ್ಣು ಆಕಳಿಸುತ್ತದೆ, ಅದನ್ನು ನೋಡಿ ಇನ್ನೊಂದು. ಬಿಸಿಲು ಇಳಿಯುತ್ತಾ ಒಂದೊಂದೇ ಎದ್ದು ಮುಂಗಾಲು ಚಾಚಿ ಮೈ ಮುರಿಯುತ್ತವೆ. ಆಮೇಲೆ ಒಂದರ ತಲೆಗೆ ಇನ್ನೊಂದು ತಲೆ ಉಜ್ಜುತ್ತವೆ, ಎಲ್ಲವೂ ಎಲ್ಲವನ್ನೂ ಮಾತಾಡಿಸಿದ ಹಾಗೆ. ಅದಾದ ಮೇಲೆ ದೊಡ್ಡ ಹೆಣ್ಣು ಸುಮ್ಮನೆ ನಡೆಯುವುದಕ್ಕೆ ಶುರು ಮಾಡುತ್ತದೆ, ಉಳಿದವು ಹಿಂದೆ ಹೋಗುತ್ತವೆ. ಬೇಟೆ ಕಾಣದಿದ್ದರೂ ಆ ಒಂದು ಗಂಟೆಗೆ ನೀವು ಕೊಟ್ಟ ಶುಲ್ಕ ಸಾರ್ಥಕ.

ಚೀತಾದ ವಿಷಯದಲ್ಲಿ ಮಾತ್ರ ನಾನು ಇದಕ್ಕೆ ಉಲ್ಟಾ ಹೇಳುತ್ತೇನೆ. ಚೀತಾ ಹಗಲು ಬೇಟೆಯಾಡುತ್ತದೆ, ಹಿಡಿದ ಬೇಟೆಯನ್ನು ಸಿಂಹ, ಕತ್ತೆಕಿರುಬಗಳಿಂದ ಉಳಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಸುತ್ತ ಹದಿನೈದು ಗಾಡಿ ನಿಂತರೆ ಬೇಟೆ ತಪ್ಪುತ್ತದೆ, ಮರಿಗಳು ಚದುರುತ್ತವೆ. 2018ರಲ್ಲಿ ಮಾರಾದ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ಪ್ರವಾಸಿಗರು ಕಡಿಮೆ ಇರುವ ಕಡೆ ತಾಯಿ ಚೀತಾಗಳು ಒಂದು ಸೂಲಿಗೆ ಸರಾಸರಿ ಎರಡಕ್ಕಿಂತ ಹೆಚ್ಚು ಮರಿಗಳನ್ನು ದೊಡ್ಡದು ಮಾಡುತ್ತಿದ್ದವು. ಪ್ರವಾಸಿಗರು ಜಾಸ್ತಿ ಇರುವ ಕಡೆ ಐದು ಸೂಲಿಗೆ ಒಂದು ಮರಿ ಉಳಿದರೆ ಹೆಚ್ಚು ಅನ್ನುವ ಸ್ಥಿತಿ. ನಮ್ಮ ದೇಶದಲ್ಲಿ ಚೀತಾ ನಶಿಸಿದೆ ಅಂತ 1952ರಲ್ಲಿ ಘೋಷಣೆ ಮಾಡಿ, 2022ರಲ್ಲಿ ನಮೀಬಿಯಾದಿಂದ ತಂದು ಕೂನೋದಲ್ಲಿ ಬಿಡಬೇಕಾಯಿತು. ಕಳೆದುಕೊಂಡರೆ ಏನಾಗುತ್ತದೆ ಅಂತ ನಮಗೆ ಗೊತ್ತಿದೆ. ಮಾರಾದಲ್ಲಿ ಒಂದು ಪ್ರಾಣಿಯ ಹತ್ತಿರ ಒಂದು ಸಲಕ್ಕೆ ಐದೇ ಗಾಡಿ ಅಂತ ನಿಯಮ ಇದೆ, ರಸ್ತೆ ಬಿಟ್ಟು ಹುಲ್ಲಿಗೆ ಇಳಿಸುವಂತಿಲ್ಲ ಅಂತಲೂ ಇದೆ. ಡ್ರೈವರ್ ಅದನ್ನು ಮುರಿಯುವುದು ಹೆಚ್ಚಾಗಿ ನಮ್ಮ ಒತ್ತಾಯಕ್ಕೆ. ಹಿಂದಿನ ಸೀಟಿನಿಂದ ಇನ್ನೂ ಸ್ವಲ್ಪ ಹತ್ತಿರ, ಇನ್ನೂ ಸ್ವಲ್ಪ ಅಂತ ಹೇಳುತ್ತಾ ಹೋದರೆ, ಟಿಪ್ಸ್ ಯೋಚನೆಯಲ್ಲಿ ಅವರು ಇಳಿಸಿಬಿಡುತ್ತಾರೆ. ದಯವಿಟ್ಟು ಕೇಳಬೇಡಿ. ಜನಜಂಗುಳಿ ಬೇಡವೇ ಬೇಡ ಅನ್ನುವವರಿಗೆ ಮಾರಾದ ಸುತ್ತ ನಬೋಯಿಶೋ, ಒಲಾರೆ ಮೊಟೊರೊಗಿಯಂಥ ಕನ್ಸರ್ವೆನ್ಸಿಗಳಿವೆ. ಅಲ್ಲಿಯ ದನಗಾಹಿಗಳಾದ ಮಸಾಯಿ ಜನ ತಮ್ಮ ಜಮೀನನ್ನು ಬಾಡಿಗೆಗೆ ಕೊಟ್ಟು ಉಳಿಸಿಕೊಂಡಿರುವ ಕಾಡು ಅದು. ಗಾಡಿಗಳ ಸಂಖ್ಯೆಗೆ ಮಿತಿ ಇದೆ, ರಾತ್ರಿ ಸಫಾರಿ, ನಡಿಗೆ ಎರಡಕ್ಕೂ ಅವಕಾಶ ಇದೆ. ಬೆಲೆ ಜಾಸ್ತಿ. ಕೈಲಾದರೆ ಎರಡು ರಾತ್ರಿ ಅಲ್ಲಿ ಇರಿ, ಆ ದುಡ್ಡು ನೆಲದ ಮಾಲೀಕರಿಗೂ ತಲುಪುತ್ತದೆ.

ಈಗ ಆರೋಗ್ಯ. ಹಳದಿ ಜ್ವರದ ಚುಚ್ಚುಮದ್ದನ್ನು ಕೊನೆ ವಾರಕ್ಕೆ ಇಟ್ಟುಕೊಳ್ಳಬೇಡಿ. ಭಾರತದಿಂದ ನೇರವಾಗಿ ಹೋಗುವವರನ್ನು ಕೆನ್ಯಾದವರು ಕೇಳದೆ ಬಿಡಬಹುದು. ವಾಪಸ್ ಬರುವಾಗ ಕೇಳುವವರು ನಮ್ಮವರೇ. ಹಳದಿ ಜ್ವರ ನಮ್ಮ ದೇಶದಲ್ಲಿಲ್ಲ, ಅದನ್ನು ಹರಡುವ ಸೊಳ್ಳೆ ಮಾತ್ರ ಧಾರಾಳ ಇದೆ. ಅದಕ್ಕೇ ಇಷ್ಟು ಬಿಗಿ. ಪ್ರಮಾಣಪತ್ರ ಇಲ್ಲದೆ ಕೆನ್ಯಾದಿಂದ ಬಂದಿಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ ಪ್ರಮಾಣಪತ್ರಕ್ಕೆ ಬೆಲೆ ಬರುತ್ತದೆ. 2016ರಿಂದ ಅದು ಜೀವನಪೂರ್ತಿ ಸಾಲುತ್ತದೆ, ಮತ್ತೆ ಮತ್ತೆ ಬೇಕಿಲ್ಲ. ಕೊಡುವುದು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ, ಬೆಂಗಳೂರಿನಲ್ಲೂ ಇವೆ. ಅರವತ್ತು ದಾಟಿದವರು, ಮೊಟ್ಟೆ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಮೊದಲು ವೈದ್ಯರ ಹತ್ತಿರ ಮಾತಾಡಲೇಬೇಕು. ಕೆನ್ಯಾದಿಂದ ತಾಂಜಾನಿಯಾಕ್ಕೆ ಹೋಗುವವರಿಗೆ ಅಲ್ಲಿಯ ಗಡಿಯಲ್ಲೂ ಇದೇ ಕಾಗದ ಬೇಕು.

ಮಲೇರಿಯಾ ನಮಗೇನು ಹೊಸದಾ ಅಂತ ಕೆಲವರು ಮಾತ್ರೆ ಬಿಡುತ್ತಾರೆ. ಅಲ್ಲಿರುವುದು ಹೆಚ್ಚಾಗಿ ಫಾಲ್ಸಿಪಾರಮ್ ಅನ್ನುವ ಬಗೆಯ ಮಲೇರಿಯಾ, ಬೇಗ ಮೆದುಳಿಗೆ ಏರುವಂಥದ್ದು. ಯಾವ ಮಾತ್ರೆ ಅಂತ ವೈದ್ಯರು ಹೇಳಲಿ. ಹೋಗುವ ಮುಂಚೆ ಶುರು ಮಾಡಿ, ಬಂದ ಮೇಲೂ ಅವರು ಹೇಳಿದಷ್ಟು ದಿನ ಮುಂದುವರಿಸಬೇಕು. ಮನೆಗೆ ಬಂದ ಮೇಲೆ ಮುಂದಿನ ಕೆಲವು ತಿಂಗಳಲ್ಲಿ ಜ್ವರ ಬಂದರೆ, ಡಾಕ್ಟರ್ ಕೇಳದಿದ್ದರೂ ಆಫ್ರಿಕಾಕ್ಕೆ ಹೋಗಿದ್ದೆ ಅಂತ ಮೊದಲ ವಾಕ್ಯದಲ್ಲೇ ಹೇಳಿ. ವಿಮೆ ಮಾಡಿಸುವಾಗ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ ನೋಡಿಕೊಳ್ಳಿ. ಕಾಡಿನಿಂದ ದೊಡ್ಡ ಆಸ್ಪತ್ರೆ ಗಂಟೆಗಟ್ಟಲೆ ದೂರ. 1957ರಿಂದ ಅಲ್ಲಿ ಹಾರುವ ವೈದ್ಯರ ಸೇವೆ ನಡೆಯುತ್ತಿರುವುದೇ ಈ ಕಾರಣಕ್ಕೆ.

ಬಟ್ಟೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹೊಸ ಖಾಕಿ ಸೂಟು ಹೊಲಿಸುವುದೂ ಬೇಡ. ತಿಳಿ ಕಂದು, ಬೂದು, ಮಾಸಲು ಹಸಿರು ಬಣ್ಣದ ತುಂಬು ತೋಳಿನ ಹತ್ತಿ ಬಟ್ಟೆ ಸಾಕು. ಕಡು ನೀಲಿ, ಕಪ್ಪು ಬೇಡ. ತ್ಸೆತ್ಸೆ ನೊಣ ಆ ಬಣ್ಣಕ್ಕೇ ಬರುತ್ತದೆ. ತರಂಗಿರೆ ಕಡೆ ಮರಗಳಿಗೆ ನೀಲಿ-ಕಪ್ಪು ಬಟ್ಟೆ ನೇತುಹಾಕಿರುತ್ತಾರೆ, ಅದು ಆ ನೊಣ ಹಿಡಿಯುವ ಬಲೆ. ಅಂದರೆ ನಾವೆಲ್ಲ ಮೊದಲು ಬ್ಯಾಗಿಗೆ ಹಾಕುವ ಜೀನ್ಸ್ ಅಲ್ಲಿಗೆ ಸರಿಹೋಗುವುದಿಲ್ಲ. ಮಿಲಿಟರಿ ಚಿತ್ತಾರದ ಬಟ್ಟೆಯಂತೂ ಬೇಡವೇ ಬೇಡ, ಆಫ್ರಿಕಾದ ಕೆಲವು ದೇಶಗಳಲ್ಲಿ ಸಾಮಾನ್ಯ ಜನ ಅದನ್ನು ಹಾಕುವುದು ಅಪರಾಧ. ಚಳಿ ಇರುತ್ತದೆ. ಆಫ್ರಿಕಾ ಅಂದ ತಕ್ಷಣ ಬಿಸಿಲು ಅಂದುಕೊಳ್ಳುತ್ತೇವೆ, ಆದರೆ ಮಾರಾ ಸಮುದ್ರಮಟ್ಟಕ್ಕಿಂತ 1,500 ಮೀಟರ್ ಮೇಲಿದೆ, ಎಂಗೊರೊಂಗೊರೊ ಅಂಚು 2,300 ಮೀಟರ್ ಸುಮಾರು. ಜುಲೈ ಬೆಳಗಿನ ಜಾವ ತೆರೆದ ಜೀಪಿನಲ್ಲಿ ಹೋಗುವಾಗ ಡಿಸೆಂಬರ್‌ನ ಮಡಿಕೇರಿಯ ಹಾಗಿರುತ್ತದೆ. ಒಂದು ದಪ್ಪ ಸ್ವೆಟರ್, ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ ಇರಲಿ.

ಪ್ಲಾಸ್ಟಿಕ್ ಚೀಲ ತೆಗೆದುಕೊಂಡು ಹೋಗಬೇಡಿ. ಬಟ್ಟೆ, ಚಪ್ಪಲಿ ಎಲ್ಲ ಕವರಿನಲ್ಲಿ ಸುತ್ತುವುದು ನಮಗೆ ಅಭ್ಯಾಸ. ಕೆನ್ಯಾದಲ್ಲಿ 2017ರ ಆಗಸ್ಟ್‌ನಿಂದ, ತಾಂಜಾನಿಯಾದಲ್ಲಿ 2019ರ ಜೂನ್‌ನಿಂದ ಪ್ಲಾಸ್ಟಿಕ್ ಚೀಲ ನಿಷೇಧ. ಕೆನ್ಯಾದ ರಾಷ್ಟ್ರೀಯ ಉದ್ಯಾನಗಳ ಒಳಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಗೂ ಅವಕಾಶ ಇಲ್ಲ. ಸ್ಟೀಲ್ ಬಾಟಲಿ ಒಯ್ಯಿರಿ. ಡ್ರೋನ್ ಮನೆಯಲ್ಲೇ ಇರಲಿ, ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಮಾರಾಕ್ಕೆ ಹೋಗುವವರಿಗೆ ಸಾಮಾನ್ಯವಾಗಿ 15 ಕಿಲೋ ಮಿತಿ, ಅದೂ ಮೆತ್ತನೆ ಬ್ಯಾಗಾಗಿರಬೇಕು. ಗಟ್ಟಿ ಸೂಟ್‌ಕೇಸ್ ಆ ವಿಮಾನದ ಹೊಟ್ಟೆಗೆ ಹಿಡಿಸುವುದಿಲ್ಲ. ಚಾರ್ಜರ್‌ಗೆ ಚೌಕ ಪಿನ್ನಿನ ಬ್ರಿಟಿಷ್ ಮಾದರಿ ಅಡಾಪ್ಟರ್ ಬೇಕು. ಡಾಲರ್ ನೋಟು ಹೊಸದಾಗಿರಲಿ. 2006ಕ್ಕಿಂತ ಹಳೆಯ ನೋಟು, ಹರಿದ ನೋಟು ಯಾರೂ ಮುಟ್ಟುವುದಿಲ್ಲ.

ಕ್ಯಾಮೆರಾ ಇಲ್ಲದಿದ್ದರೆ ಕೊರಗಬೇಡಿ. ಬೈನಾಕ್ಯುಲರ್ ಇಲ್ಲದೆ ಮಾತ್ರ ಹೋಗಬೇಡಿ. ಅದೂ ಮನೆಗೆ ಒಂದು ಸಾಲದು, ತಲೆಗೆ ಒಂದು. 8×42 ಅಂತ ಬರೆದಿರುವುದು ಎಲ್ಲರಿಗೂ ಹೊಂದುತ್ತದೆ. ಒಂದೇ ಇದ್ದರೆ ಚಿರತೆ ಮರ ಇಳಿಯುವ ಹೊತ್ತಿಗೆ ಅದು ಯಾವಾಗಲೂ ಬೇರೆಯವರ ಕೈಯಲ್ಲಿರುತ್ತದೆ. ಉದ್ದ ಲೆನ್ಸ್ ಇರುವವರಿಗೆ ಟ್ರೈಪಾಡ್ ಉಪಯೋಗಕ್ಕೆ ಬರುವುದಿಲ್ಲ, ಗಾಡಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಅದರ ಬದಲು ನಿಮ್ಮ ಟೈಲರ್ ಹತ್ತಿರ ಹಳೆ ಪ್ಯಾಂಟಿನ ಕಾಲು ಕೊಟ್ಟು ಒಂದಡಿ ಉದ್ದದ ಚೀಲ ಹೊಲಿಸಿ, ಒಂದು ಬದಿಗೆ ಜಿಪ್ ಇರಲಿ. ಇಲ್ಲಿಂದ ಖಾಲಿ ಒಯ್ಯಿರಿ. ಮಾರಾ ದಾರಿಯಲ್ಲಿ ನಾರೋಕ್ ಊರು ಸಿಗುತ್ತದೆ. ಅಲ್ಲಿ ಎರಡು ಕಿಲೋ ಹುರುಳಿಕಾಯಿ ಬೀಜ ಕೊಂಡು ಮುಕ್ಕಾಲು ಭಾಗ ತುಂಬಿ. ಪೂರ್ತಿ ತುಂಬಿದರೆ ಲೆನ್ಸ್ ಉರುಳುತ್ತದೆ. ಕಿಟಕಿ ಅಂಚಿನ ಮೇಲೆ ಇಟ್ಟು ಒತ್ತಿದರೆ ಲೆನ್ಸ್ ತನಗೆ ತಾನೇ ಕುಳಿ ಮಾಡಿಕೊಂಡು ಕೂರುತ್ತದೆ. ಹೊರಡುವ ದಿನ ಬೀಜ ಅಡುಗೆಮನೆಯವರಿಗೆ ಕೊಟ್ಟುಬಿಡಿ.

ಊಟದ ಚಿಂತೆ ಬೇಡ. ಕೆನ್ಯಾ, ತಾಂಜಾನಿಯಾದಲ್ಲಿ ಗುಜರಾತಿಗಳು ತಲೆಮಾರುಗಳಿಂದ ಇದ್ದಾರೆ, ನೈರೋಬಿಯಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲ್‌ಗಳಿವೆ. ಚಪಾತಿ ಅಲ್ಲಿಯ ಜನರ ದಿನನಿತ್ಯದ ಊಟ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ನಮ್ಮ ಮುದ್ದೆ ತಿನ್ನುವವರಿಗೆ ಇಷ್ಟವಾಗುತ್ತದೆ, ಜೊತೆಗೆ ಸುಕುಮಾ ಸೊಪ್ಪಿನ ಪಲ್ಯ. ಗಮನ ಇಡಬೇಕಾದ್ದು ಮಧ್ಯಾಹ್ನದ ಕಟ್ಟಿದ ಊಟಕ್ಕೆ. ಸುಮ್ಮನಿದ್ದರೆ ಡಬ್ಬಿಯಲ್ಲಿ ಕೋಳಿ ಕಾಲು, ಬೇಯಿಸಿದ ಮೊಟ್ಟೆ ಬರುತ್ತದೆ. ಹಿಂದಿನ ರಾತ್ರಿಯೇ ಅಡುಗೆಯವರಿಗೆ ಹೇಳಿ, ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಅನ್ನುವುದನ್ನೂ ಬಿಡಿಸಿ ಹೇಳಿ. ಎಂಗೊರೊಂಗೊರೊ ಒಳಗೆ ಊಟಕ್ಕೆ ನಿಲ್ಲಿಸುವ ಕೆರೆಯ ದಡದಲ್ಲಿ ಹದ್ದುಗಳಿವೆ. ಗಾಡಿಯಿಂದ ಇಳಿದು ಸ್ಯಾಂಡ್‌ವಿಚ್ ಬಾಯಿಗೆ ಒಯ್ಯುವಷ್ಟರಲ್ಲಿ ಹಿಂದಿನಿಂದ ಬಂದು ಕಿತ್ತುಕೊಂಡು ಹೋಗುತ್ತವೆ, ಉಗುರು ತಾಗಿದರೆ ಗಾಯ. ಗಾಡಿ ಒಳಗೇ ಕೂತು ತಿನ್ನಿ. ಚಟ್ನಿಪುಡಿ, ಚಕ್ಕುಲಿ ಒಯ್ಯುವವರು ಡೇರೆಯೊಳಗೆ ಬಿಚ್ಚಿಡಬೇಡಿ. ಬಬೂನ್‌ಗಳಿಗೆ ಜಿಪ್ ಎಳೆಯುವುದು ಗೊತ್ತಿದೆ.

ಡೇರೆ ಅಂದೆನಲ್ಲ, ರಾತ್ರಿಯ ವಿಷಯ ಹೇಳಿಬಿಡುತ್ತೇನೆ. ಹೆಚ್ಚಿನ ಕ್ಯಾಂಪುಗಳಿಗೆ ಬೇಲಿ ಇಲ್ಲ. ಕತ್ತಲಾದ ಮೇಲೆ ನೀರಾನೆ ನದಿಯಿಂದ ಎದ್ದು ಹುಲ್ಲು ಮೇಯುವುದಕ್ಕೆ ಡೇರೆಗಳ ನಡುವೆಯೇ ಬರುತ್ತದೆ. ಅದಕ್ಕೂ ನೀರಿಗೂ ನಡುವೆ ಸಿಕ್ಕಿದವರನ್ನು ಅದು ಬಿಡುವುದಿಲ್ಲ. ಊಟದ ಮನೆಗೆ ಹತ್ತೇ ಹೆಜ್ಜೆ ಇದ್ದರೂ ಕಾವಲುಗಾರರನ್ನು ಕರೆಯಿರಿ. ಅಸ್ಕಾರಿ ಅಂತಾರೆ ಅವರನ್ನು. ಟಾರ್ಚ್ ಬೀಸಿದರೆ ಬರುತ್ತಾರೆ. ಈ ಮಾತು ಬಂದಾಗ ನನಗೆ ತ್ಸಾವೋ ನೆನಪಾಗುತ್ತದೆ. 1898ರಲ್ಲಿ ಬ್ರಿಟಿಷರು ಮೊಂಬಾಸಾದಿಂದ ಒಳನಾಡಿಗೆ ರೈಲು ಹಾಕಿಸುತ್ತಿದ್ದರು. ಕೆಲಸಕ್ಕೆ ನಮ್ಮ ದೇಶದಿಂದ ಸುಮಾರು 32 ಸಾವಿರ ಕೂಲಿಗಳನ್ನು ಕರೆದೊಯ್ದಿದ್ದರು, ಹೆಚ್ಚಿನವರು ಪಂಜಾಬಿನವರು. ತ್ಸಾವೋ ನದಿಗೆ ಸೇತುವೆ ಕಟ್ಟುವಾಗ ಕೇಸರ ಇಲ್ಲದ ಎರಡು ಗಂಡು ಸಿಂಹಗಳು ತಿಂಗಳುಗಟ್ಟಲೆ ಡೇರೆಗಳಿಂದ ಜನರನ್ನು ಎಳೆದೊಯ್ದವು. ಕೆಲಸವೇ ನಿಂತುಹೋಯಿತು. ಡಿಸೆಂಬರ್‌ನಲ್ಲಿ ಪ್ಯಾಟರ್ಸನ್ ಅನ್ನುವ ಎಂಜಿನಿಯರ್ ಅವನ್ನು ಹೊಡೆದ. ಈಗ ಅವು ಶಿಕಾಗೋದ ಮ್ಯೂಸಿಯಂನಲ್ಲಿವೆ. ಆ ಕೂಲಿಗಳ ಹೆಸರು ಹೆಚ್ಚಾಗಿ ಯಾರಿಗೂ ಗೊತ್ತಿಲ್ಲ. ಆ ಕಡೆ ರೈಲಿನಲ್ಲಿ ಹೋಗುವ ಅವಕಾಶ ಸಿಕ್ಕರೆ ಅವರನ್ನು ಒಂದು ಸಲ ನೆನೆಸಿಕೊಳ್ಳಿ. ಇವತ್ತಿನ ಕ್ಯಾಂಪಿನಲ್ಲಿ ಅಂಥ ಭಯ ಇಲ್ಲ. ಡೇರೆಯ ಜಿಪ್ ಹಾಕಿ ಒಳಗಿದ್ದರೆ ನೀವು ಕ್ಷೇಮ.

ಮಸಾಯಿ ಜನರ ಫೋಟೋ ಕೇಳದೆ ತೆಗೆಯಬೇಡಿ. ಗೇಟಿನ ಹತ್ತಿರ ಮಣಿಸರ ಮಾರುವ ಹೆಂಗಸರು ಗಾಡಿಯ ಕಿಟಕಿಗೆ ಬರುತ್ತಾರೆ. ಕೊಳ್ಳುವುದಿದ್ದರೆ ಮಾತಾಡಿ, ಕೊಳ್ಳದಿದ್ದರೆ ನಗುತ್ತಾ ಬೇಡ ಅನ್ನಿ. ಅವರ ಮುಖಕ್ಕೆ ಮೊಬೈಲ್ ಹಿಡಿಯುವುದು ತಪ್ಪು. ನಮ್ಮ ಮನೆ ಬಾಗಿಲಿಗೆ ಬಂದು ಯಾರಾದರೂ ಹಾಗೆ ಮಾಡಿದರೆ ನಮಗೆ ಹೇಗನ್ನಿಸುತ್ತದೆ ಅಂತ ಯೋಚಿಸಿ.

ಮುಂದಿನ ಸಾಲಿನಲ್ಲಿ ಕೂತಿರುವ ಅಮ್ಮ ಒಬ್ಬರು ಮೊಣಕಾಲು ನೋವಿರುವವರು ಬರಬಹುದಾ ಅಂತ ಕೇಳಿದರು. ಖಂಡಿತ ಬರಬಹುದಮ್ಮ. ಸಫಾರಿಯಲ್ಲಿ ನಡೆಯುವುದು ತುಂಬಾ ಕಡಿಮೆ. ಕಷ್ಟ ಇರುವುದು ಎರಡು ಕಡೆ. ಒಂದು, ಲ್ಯಾಂಡ್ ಕ್ರೂಸರ್ ಮೆಟ್ಟಿಲು ಎತ್ತರ. ಒಂದು ಸಣ್ಣ ಮಣೆ ಇಡಿಸಿಕೊಳ್ಳಿ ಅಂತ ಮೊದಲೇ ಹೇಳಿದರೆ ಇಡುತ್ತಾರೆ. ಇನ್ನೊಂದು, ಒಳದಾರಿಗಳ ಕುಲುಕಾಟ. ಬೆನ್ನು ನೋವಿರುವವರು ಹಿಂದಿನ ಚಕ್ರದ ಮೇಲಿನ ಸೀಟು ಬಿಟ್ಟು ಮುಂದೆ ಕೂರಬೇಕು, ಮಾರಾಕ್ಕೆ ಹೋಗುವಾಗಲಾದರೂ ವಿಮಾನ ಹಿಡಿದರೆ ಒಳ್ಳೆಯದು. ಶೌಚಕ್ಕೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ ಅಂತ ಕೆಲವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದು ಸರಿಯಲ್ಲ. ಗೈಡ್‌ಗೆ ಸಂಕೋಚ ಇಲ್ಲದೆ ಹೇಳಿ. ಸುತ್ತ ಬಯಲಾಗಿರುವ ಜಾಗ ನೋಡಿ, ಪೊದೆಯಲ್ಲಿ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ನಿಲ್ಲಿಸುತ್ತಾರೆ. ಗಾಡಿಯ ಹಿಂಬದಿಗೆ ಹೋಗಿ ಬರುವುದು, ಅಷ್ಟೇ. ಬೇರೆ ಎಲ್ಲಿಯೂ, ಯಾವ ಕಾರಣಕ್ಕೂ ಕೆಳಗೆ ಕಾಲಿಡಬೇಡಿ. ಗಾಡಿಯೊಳಗೆ ಕೂತಿರುವಷ್ಟು ಹೊತ್ತು ಸಿಂಹ ನಿಮ್ಮನ್ನು ಗಾಡಿಯ ಭಾಗ ಅಂತಲೇ ನೋಡುತ್ತದೆ.

ಮಕ್ಕಳ ಬಗ್ಗೆ ಹಿಂದಿನಿಂದ ಒಬ್ಬರು ಕೇಳಿದರು. ಆರೇಳು ವರ್ಷ ಆಗಲಿ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕಿಂತ ಚಿಕ್ಕವರನ್ನು ಕೆಲವು ಕ್ಯಾಂಪಿನವರು ಸೇರಿಸುವುದೇ ಇಲ್ಲ, ಬುಕ್ ಮಾಡುವಾಗಲೇ ವಯಸ್ಸು ಹೇಳಿ. ಒಂಬತ್ತು ತಿಂಗಳ ಒಳಗಿನ ಕೂಸಿಗೆ ಹಳದಿ ಜ್ವರದ ಚುಚ್ಚುಮದ್ದು ಕೊಡುವುದಿಲ್ಲ. ಮಕ್ಕಳಿಗೆ ಸಿಂಹಕ್ಕಿಂತ ಸಗಣಿ ಉರುಳಿಸುವ ದುಂಬಿ ಜಾಸ್ತಿ ಇಷ್ಟವಾಗಬಹುದು. ಹಾಗಾದರೆ ಗಾಡಿ ನಿಲ್ಲಿಸಿ, ಅದು ಆ ಉಂಡೆಯನ್ನು ದಾರಿ ದಾಟಿಸುವವರೆಗೂ ಮಕ್ಕಳ ಜೊತೆ ನೀವೂ ನೋಡಿ. ಅವರಿಗೂ ಒಂದು ಸಣ್ಣ ಬೈನಾಕ್ಯುಲರ್ ಕೊಡಿಸಿ. ಹೋಗುವ ತಿಂಗಳು ಮುಂಚೆಯೇ ಕೊಟ್ಟು, ಮನೆ ಮಾಳಿಗೆ ಮೇಲಿಂದ ಕಾಗೆ, ಹದ್ದು ನೋಡಿ ಕೈ ಪಳಗಿಸಿಕೊಳ್ಳಲಿ.